ನಮ್ಮ ಮನೆ ಅಲ್ಮಾಟಿಗೆ ಹೋದದ್ದು

ರಂಜಾನ್ ಶುರುವಾಗುವುದರೊಳಗೆ ಮನೆಯ ರೌಟರಿಗೆ ಒಂದು ಭರ್ಜರಿ ವಿಪಿಎನ್ ಹಾಕಿಯೇ ತೀರುತ್ತೇನೆ ಎಂದು ನಾನು ಊಟದ ಹೊತ್ತಿನಲ್ಲಿ ಘೋಷಿಸಿದೆ. ಯಾರೂ ತಲೆ ಎತ್ತಲಿಲ್ಲ. ತಾಷ್ಕೆಂಟಿನ ಶಾಲೆಯೊಂದರಲ್ಲಿ ಭೂಗೋಳ ಪಾಠ ಮಾಡುವ ನನಗೆ ಇಡೀ ಪ್ರಪಂಚ ಅಂಗೈಯಲ್ಲಿದೆ. ಮನೆಯವರ ಗಮನ ಮಾತ್ರ ಇವತ್ತಿನವರೆಗೆ ಕೈಗೆ ಸಿಕ್ಕಿಲ್ಲ.

ಕಾರಣ ಕುಸ್ತಿ. ನಾನು ನೋಡಬೇಕೆಂದ ಪಂದ್ಯಗಳ ಜಾಲತಾಣ "ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಎಂದು ನನ್ನ ಮುಖದ ಮೇಲೇ ಬಾಗಿಲು ಹಾಕುತ್ತಿತ್ತು. ವಿಪಿಎನ್ ಇದ್ದರೆ ನಾವು ಬೇರೆ ದೇಶದಲ್ಲಿ ಕೂತಿದ್ದೇವೆಂದು ಅದು ನಂಬುತ್ತದೆ. ಫೋನಿಗೆ ಹಾಕಿದರೆ ಫೋನೊಂದೇ ಪರದೇಶಕ್ಕೆ ಹೋಗುತ್ತದೆ. ರೌಟರಿಗೆ ಹಾಕಿದರೆ ಮನೆಗೆ ಮನೆಯೇ ಹೋಗುತ್ತದೆ. ಚಿಲ್ಲರೆ ಕೆಲಸ ನನಗೆ ಒಗ್ಗುವುದಿಲ್ಲ.

"ಇರೋ ಇಂಟರ್ನೆಟ್ಟೇ ಕುಂಟ್ತಾ ಇದೆ. ಅದನ್ನ ಬೇರೆ ದೇಶ ಸುತ್ತಿಸ್ತೀರಾ?" ಎಂದಳು ನನ್ನ ಹೆಂಡತಿ ಸಬೋಹತ್.

ಹೆಂಗಸರಿಗೆ ತಂತ್ರಜ್ಞಾನ ವಿವರಿಸುವಷ್ಟು ತಾಳ್ಮೆ ನನಗಿಲ್ಲ. ವಿಮರ್ಶೆ ಓದುತ್ತ ಕೂತೆ. ಎಂಥ ವಿಮರ್ಶೆಗಳು! ಹತ್ತು ಕಂಪನಿ ಇದ್ದರೆ ಹತ್ತೂ ಜಗತ್ತಿಗೆ ಮೊದಲನೆಯವು. ಒಂದಕ್ಕೆ ಸಿಂಹದ ಚಿತ್ರ, ಇನ್ನೊಂದಕ್ಕೆ ಗುರಾಣಿ, ಮತ್ತೊಂದಕ್ಕೆ ಮುಖವಾಡ ತೊಟ್ಟ ಮನುಷ್ಯ. ಪುಕ್ಕಟೆ ಕೊಡುವವನು ಪುಟಕ್ಕೊಂದು ಜಾಹೀರಾತು ತುರುಕುತ್ತಾನೆ; ದುಡ್ಡು ಕೇಳುವವನು ಎಂಟು ದೇಶದ ಗೂಢಚಾರರೂ ನನ್ನ ಕುಸ್ತಿ ನೋಡಲು ಹೊಂಚು ಹಾಕಿದ್ದಾರೆಂದು ಹೆದರಿಸುತ್ತಾನೆ. ನನ್ನ ಭಾವಮೈದ ಬಹ್ರೋಮ್ ಎಂಬ ಮಹಾಜ್ಞಾನಿ ತನ್ನ ಮನೆಯನ್ನು ಐಸ್‌ಲ್ಯಾಂಡಿಗೆ ಕಳಿಸಿಕೊಂಡು, ಒಂದು ಹಾಡು ತೆರೆದುಕೊಳ್ಳುವಷ್ಟರಲ್ಲಿ ಒಂದು ನಿದ್ದೆ ತೆಗೆಯುತ್ತಾನೆ. ಸರ್ವರ್ ಹತ್ತಿರವಿದ್ದಷ್ಟೂ ವೇಗ ಹೆಚ್ಚು ಎಂಬುದು ಆ ಮಂದಮತಿಗೆ ತಿಳಿಯದು. ನಾನು ಭೂಪಟ ಬಲ್ಲವನು. ಸಿಂಹದ ಕಂಪನಿಯನ್ನೇ ಹಿಡಿದು ಪಕ್ಕದ ದೇಶದ ಅಲ್ಮಾಟಿಯನ್ನು ಆರಿಸಿದೆ. ಕುಸ್ತಿ ತೆರೆದುಕೊಂಡಿತು. ಗೆದ್ದ ಪೈಲ್ವಾನನಿಗಿಂತ ನಾನೇ ಹೆಚ್ಚು ಬೀಗಿದೆ.

ಮರುದಿನವೇ ಮೊದಲ ರೋಜಾ. ಅವತ್ತು ಇಫ್ತಾರಿಗೆ ನಮ್ಮಲ್ಲಿ ದೊಡ್ಡ ಅತಿಥಿಗಳಿದ್ದರು. ಮಗಳು ಗವ್ಹರಳನ್ನು ಕೇಳಲು ಹುಡುಗನ ಸೋದರತ್ತೆ ಮಸ್ತುರಾ ಖೋಲಾ ತಮ್ಮ ಕಡೆಯ ಹೆಂಗಸರೊಂದಿಗೆ ಬರುವವರಿದ್ದರು; ಹಿರಿಯ ಹೆಂಗಸರನ್ನು ನಾವು ಖೋಲಾ ಎನ್ನುತ್ತೇವೆ. ಹುಡುಗ ಗವ್ಹರ್ ಮೆಚ್ಚಿದವನು. ಅವಳು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

"ಬೀದೀಲೆಲ್ಲ ನಮ್ಮ ವಿಚಾರ ಕೇಳ್ಕೊಂಡು ಹೋಗಿದಾರೆ. ಮನಸ್ಸಿಗೆ ಬಂದ್ರೆ ಇವತ್ತೇ ರೊಟ್ಟಿ ಮುರೀತಾರೆ," ಎಂದಳು ಸಬೋಹತ್. ರೊಟ್ಟಿ ಮುರಿದರೆ ನಿಶ್ಚಯವಾದ ಹಾಗೆ. "ನೀವು ಬಾಯಿ ಮುಚ್ಕೊಂಡು ಟೀ ಬಗ್ಗಿಸಿ, ಸಾಕು."

ಫ್ರಿಜ್ಜಿನ ಬಾಗಿಲಿಗೆ ಅವಳು ಮಸೀದಿಯವರು ಹಂಚಿದ ವೇಳಾಪಟ್ಟಿ ಅಂಟಿಸಿದ್ದಳು. ಗೋಡೆಯ ಮೇಲೆ ಇಂಟರ್ನೆಟ್ಟಿನಿಂದ ತಾನೇ ಊರು ತಿಳಿದುಕೊಂಡು ಅಜಾನ್ ಕೂಗುವ ಗಡಿಯಾರವಿರುವಾಗ ಕಾಗದವೇಕೆ? ಬಂದವರು ನಮ್ಮನ್ನು ಯಾವ ಕಾಲದವರೆಂದುಕೊಂಡಾರು? ಪಟ್ಟಿಯನ್ನು ಕಿತ್ತು ಮಡಚಿ, ಗಾಳಿ ನುಗ್ಗುತ್ತಿದ್ದ ಕಿಟಕಿಯ ಸಂದಿಗೆ ಸಿಕ್ಕಿಸಿದೆ.

ಅತಿಥಿಗಳು ಬಂದರು. ಹೊರಗೆ ದಟ್ಟ ಮೋಡ; ನಮ್ಮ ಅಂಗಳದ ಎತ್ತರದ ಗೋಡೆಗಳ ನಡುವೆ ಮಧ್ಯಾಹ್ನದಿಂದಲೇ ಮಬ್ಬು. ಎಲ್ಲರೂ ಊಟಕ್ಕೆ ಹಾಸಿದ ದಸ್ತರ್ಖಾನಿನ ಸುತ್ತ ಕೂತು ಖರ್ಜೂರದ ತಟ್ಟೆ ನೋಡುತ್ತಿದ್ದಾಗ ಗಡಿಯಾರ ಇಂಪಾಗಿ ಅಜಾನ್ ಕೂಗಿತು.

ಸಬೋಹತ್ ನನ್ನ ಪಕ್ಕಕ್ಕೆ ಬಾಗಿ, ಇವತ್ತು ಬೇಗ ಆಗಲಿಲ್ಲವೇ ಎಂದು ಪಿಸುಗುಟ್ಟಿದಳು. ನಾನು ಎಲ್ಲರಿಗೂ ಕೇಳುವಂತೆ ನಕ್ಕೆ.

"ಇದು ಉಪಗ್ರಹ ಕೇಳಿ ಹೇಳೋ ಗಡಿಯಾರ ಕಣೇ. ಅದಕ್ಕಿಂತ ನಿನ್ನ ಹೊಟ್ಟೆಗೆ ಹೆಚ್ಚು ಗೊತ್ತಾ?"

ಮಸ್ತುರಾ ಖೋಲಾ ದುವಾ ಹೇಳಿ ಖರ್ಜೂರ ಬಾಯಿಗಿಟ್ಟರು. ಎಲ್ಲರೂ ಇಟ್ಟರು. ಸೂಪು ಬಂತು, ಸಮ್ಸಾ ಬಂತು. ನಾನು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಅದರ ಬದಲು ಸರ್ವರ್ ಆರಿಸುವ ಕಲೆಯ ಬಗ್ಗೆ ನಾಲ್ಕು ಮಾತು ಹೇಳಿದೆ. ಐಸ್‌ಲ್ಯಾಂಡಿನ ಬಹ್ರೋಮನನ್ನೂ ಬಿಡಲಿಲ್ಲ. ಹೆಂಗಸರು ಸಭ್ಯರು, ಅಗಿಯುತ್ತ ತಲೆಯಾಡಿಸಿದರು. ಕೊನೆಗೆ ಖೋಲಾ ಗವ್ಹರಳನ್ನು ನೋಡಿ ಮುಗುಳ್ನಕ್ಕು, ನಡುವಿನಲ್ಲಿದ್ದ ದೊಡ್ಡ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಆಗ ಬೀದಿ ಕೊನೆಯ ಮಸೀದಿಯಿಂದ ಅಜಾನ್ ಕೇಳಿಸಿತು.

ಕೂತವರೆಲ್ಲ ಬಾಯಲ್ಲಿದ್ದುದನ್ನು ನುಂಗಲೂ ಆರದೆ ಉಗುಳಲೂ ಆರದೆ ಗಡಿಯಾರ ನೋಡಿದರು. ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಮಾಟಿ ಎಂದಿತ್ತು. ಅಲ್ಮಾಟಿ ನಮಗೆ ಪೂರ್ವ; ಅಲ್ಲಿ ಸೂರ್ಯ ನಮಗಿಂತ ಅರ್ಧ ಗಂಟೆ ಮೊದಲೇ ಮುಳುಗುತ್ತಾನೆ. ಇದನ್ನು ನಾನು ಪ್ರತಿ ವರ್ಷ ಆರನೇ ತರಗತಿಗೆ ಪಾಠ ಮಾಡುತ್ತೇನೆ.

ಖೋಲಾ ರೊಟ್ಟಿಯನ್ನು ಇದ್ದಲ್ಲೇ ಇಟ್ಟರು. ಗವ್ಹರಳ ಮುಖ ಬಿಳುಚಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಬೀದಿ ಬಾಗಿಲು ಧಡಾರನೆ ತೆರೆಯಿತು. ಪಕ್ಕದ ಮನೆಯ ಇನೋಬತ್ ಖೋಲಾ, ಅವರ ಹಿಂದೆ ಎದುರು ಮನೆಯವರು, ಮೂಲೆ ಮನೆಯವರು. ಇನೋಬತ್ ಖೋಲಾ ಕೈಯಲ್ಲಿ ಅರ್ಧ ಕಚ್ಚಿದ ಸಮ್ಸಾ.

"ಸಬೋಹತ್, ನಿಮ್ಮ ಇಂಟರ್ನೆಟ್ಟಿಗೆ ಏನಾಗಿದೆಯಮ್ಮ? ನಮ್ಮೆಲ್ಲರ ಗಡಿಯಾರನೂ ಮೊದಲೇ ಕೂಗಿಬಿಡ್ತು."

ನಿಮ್ಮ ಗಡಿಯಾರಕ್ಕೂ ನಮ್ಮ ಇಂಟರ್ನೆಟ್ಟಿಗೂ ಏನು ಸಂಬಂಧ ಎಂದು ಕೇಳಿದೆ. ಸಬೋಹತ್ ನೆಲ ನೋಡಿದಳು. ಆಗ ಹೊರಬಿತ್ತು ನೋಡಿ! ಮನೆಯಲ್ಲಿ ಏನು ವಿಶೇಷ ಮಾಡಿದರೂ ಅಕ್ಕಪಕ್ಕಕ್ಕೆ ಒಂದು ತಟ್ಟೆ ಕಳಿಸುವುದು ನಮ್ಮ ಹೆಂಗಸರ ರೂಢಿ. ನನ್ನವಳು ತಟ್ಟೆಯ ಜೊತೆಗೆ ಪಾಸ್‌ವರ್ಡನ್ನೂ ಕಳಿಸಿದ್ದಳು. ನಿಧಾನವಾಯಿತೆಂದು ನಾನು ಕಂಪನಿಯವರಿಗೆ ಹಿಡಿಶಾಪ ಹಾಕುತ್ತಿದ್ದ ಇಂಟರ್ನೆಟ್ಟಿನಲ್ಲಿ ಇಡೀ ಬೀದಿಯೇ ಧಾರಾವಾಹಿ ನೋಡುತ್ತಿತ್ತು. ನಾನು ನನ್ನ ಮನೆಯನ್ನಷ್ಟೇ ಅಲ್ಮಾಟಿಗೆ ಸಾಗಿಸಿರಲಿಲ್ಲ, ಬೀದಿಯನ್ನೇ ಸಾಗಿಸಿದ್ದೆ.

"ಪುಕ್ಕಟೆ ಇಂಟರ್ನೆಟ್ ಉಂಡವರು ಈಗ ತಕರಾರು ತೆಗೀತಿದೀರಾ?" ಎಂದೆ.

"ಭೂಗೋಳದ ಮೇಷ್ಟ್ರಿಗೆ ತಮ್ಮ ಮನೆ ಯಾವ ಊರಲ್ಲಿದೆ ಅಂತ ಗೊತ್ತಿರಬೇಕಲ್ಲಪ್ಪ," ಎಂದರು ಇನೋಬತ್ ಖೋಲಾ.

ಅತಿಥಿಗಳೆದುರು ಮಾನ ಉಳಿಸಿಕೊಳ್ಳಲು ನಾನು ಮಸ್ತುರಾ ಖೋಲಾರತ್ತ ತಿರುಗಿ, ಈ ಜನರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಾನು ಅಂಥವನಲ್ಲ ಎಂದೆ.

"ನೀವು ಎಂಥವರು ಅಂತ ಬೀದಿಯವರು ಮೊದಲೇ ಹೇಳಿದ್ರು ಮೇಷ್ಟ್ರೇ," ಎಂದರು ಅವರು ತಣ್ಣಗೆ. "ಆದ್ರೂ ಬಂದ್ವಿ. ಪಾಸ್‌ವರ್ಡ್ ಕೂಡ ಬಚ್ಚಿಡದ ತಾಯಿಯ ಮಗಳು ಅಂತ ಬಂದ್ವಿ. ಆದರೆ ಇವತ್ತು ಮುರೀಬಾರದ್ದು ಒಂದು ಮುರಿದುಹೋಗಿದೆ. ಇನ್ನು ರೊಟ್ಟಿ ಬೇಡ. ಹಬ್ಬ ಕಳೀಲಿ, ಕೆಟ್ಟ ಈ ರೋಜಾಕ್ಕೆ ಬದಲು ಇನ್ನೊಂದು ದಿನ ಉಪವಾಸ ಇದ್ದು, ಇಲ್ಲೇ ಬಂದು ತೀರಿಸ್ತೀನಿ. ಅವತ್ತು ಹೊತ್ತಿಗೆ ಸರಿಯಾಗಿ ಬಿಟ್ರೆ, ರೊಟ್ಟಿ ಮುರಿಯೋಣ."

ಹಾಗಾದರೆ ನಾವೂ ಇಲ್ಲೇ ತೀರಿಸುತ್ತೇವೆ ಎಂದಿತು ಬೀದಿ.

ರಂಜಾನ್ ಪೂರ್ತಿ ಗವ್ಹರ್ ನನ್ನೊಂದಿಗೆ ಮಾತಾಡಲಿಲ್ಲ. ಸಿಂಹದ ಕಂಪನಿಯನ್ನು ನಾನೇ ರೌಟರಿನಿಂದ ಕಿತ್ತೆ. ಕುಸ್ತಿ ಮತ್ತೆ ಬಾಗಿಲು ಹಾಕಿಕೊಂಡಿತು. ಕಿಟಕಿಯ ಸಂದಿಯಿಂದ ಕಾಗದ ಫ್ರಿಜ್ಜಿಗೆ ಮರಳಿತು, ನನ್ನ ಬೆನ್ನಿಗೆ ಗಾಳಿ ಬಡಿಯಿತು.

ಹಬ್ಬ ಕಳೆದು ಆ ದಿನ ಬಂತು. ಅಂಗಳದಲ್ಲಿ ಬೀದಿಗೆ ಬೀದಿಯೇ ಕೂತಿತ್ತು, ನಡುವೆ ಮಸ್ತುರಾ ಖೋಲಾ, ಅವರ ಮುಂದೆ ರೊಟ್ಟಿ. ಗಡಿಯಾರಗಳನ್ನೆಲ್ಲ ಗೋಡೆಯ ಕಡೆ ತಿರುಗಿಸಲಾಗಿತ್ತು. ಸೂರ್ಯನನ್ನು ಕಣ್ಣಾರೆ ಕಂಡು ಹೇಳಲೆಂದು ನನ್ನನ್ನು ಏಣಿ ಹತ್ತಿಸಿ ಮಾಳಿಗೆಯ ಮೇಲೆ ನಿಲ್ಲಿಸಿದ್ದರು. ತಪ್ಪು ಮಾಡಿದವನೇ ತಿದ್ದಲಿ ಎಂಬುದು ಸಬೋಹತ್ ಕೊಟ್ಟ ತೀರ್ಪು. ಆಕಾಶ ತಿಳಿಯಾಗಿತ್ತು. ನಾನು ರೆಪ್ಪೆ ಬಡಿಯದೆ ಪಶ್ಚಿಮ ನೋಡಿದೆ. ಕೆಂಪು ಅಂಚು ಕರಗಿತು, ಪೂರ್ತಿ ಕರಗಿತು. ಮತ್ತೊಮ್ಮೆ ಖಾತ್ರಿ ಮಾಡಿಕೊಂಡು, ಮುಳುಗಿತು ಎಂದು ಕೂಗಿದೆ.

ಕೆಳಗೆ ಒಂದು ಕೈಯೂ ಅಲುಗಲಿಲ್ಲ.

ಮುಳುಗಿತು ಎಂದು ಇನ್ನೊಮ್ಮೆ ಕೂಗಿದೆ. ಗವ್ಹರ್ ಮೆಲ್ಲಗೆ ಎದ್ದಳು, ಬಾಗಿಲು ತೆರೆದು ಬೀದಿಗೆ ಹೋದಳು, ಪಶ್ಚಿಮದ ಕಡೆ ಕತ್ತು ಚಾಚಿ ನೋಡಿದಳು, ಒಳಗೆ ಬಂದು ತಲೆಯಾಡಿಸಿದಳು. ಅದೇ ತಡ, ಎಲ್ಲರ ಕೈಯೂ ಖರ್ಜೂರಕ್ಕೆ ಹೋಯಿತು. ರೊಟ್ಟಿ ಮುರಿಯಿತು.

ಮಸ್ತುರಾ ಖೋಲಾ ಆಗ ತಲೆ ಎತ್ತಿ ನನ್ನನ್ನು ನೋಡಿದರು.

"ಇನ್ನು ಇಳೀರಿ ಬೀಗರೇ. ನಮ್ಮ ಸೊಸೆ ಹೇಳಿದ್ಲು, ಮುಳುಗಿದೆಯಂತೆ."