ಹಿಂದಿನ ಅಚ್ಚಿಗೆ ಹೊಸ ಹಲ್ಲು

ನಾನು ಮುಧೋಳದ ಅಳಿಯ. ಆ ದಾರಿಯ ಮಣ್ಣಿನ ರುಚಿ ನನಗೆ ಗೊತ್ತಿದ್ದಷ್ಟು ಅಲ್ಲಿ ಬಿತ್ತಿ ಬೆಳೆಯುವ ರೈತನಿಗೂ ಗೊತ್ತಿಲ್ಲ. ಜಮಖಂಡಿಯಿಂದ ನಾನು ಕಾರು ಹೊರಡಿಸಿದಾಗೆಲ್ಲ ಮುಂದೆ ನನ್ನ ಹೆಂಡತಿಯ ತಮ್ಮ ಗಿರಮಲ್ಲಪ್ಪನ, ಊರೂರಿಗೆ ಮಂದಿ ಸಾಗಿಸುವ ಸರ್ವಿಸ್ ಮೋಟಾರು ಇರುತ್ತಿತ್ತು. ಮೋಟಾರೂ ಅವನದೇ, ಡ್ರೈವರನೂ ಅವನೇ. ಅವನು ಧೂಳೆಬ್ಬಿಸುವನು, ನಾನು ನುಂಗುವೆನು. (ಅತ್ತೆಮನೆಯ ಉಪಚಾರ ದಾರಿಯಲ್ಲೇ ಶುರು.)

ಕಾರಿನ ಪೂರ್ವಚರಿತ್ರೆ ಸ್ವಲ್ಪ ಹೇಳಬೇಕು. ಅದು ಸಂಸ್ಥಾನದ ಒಬ್ಬ ಕಾರಭಾರಿಯದಾಗಿತ್ತು. ಚಳವಳಿಯ ಕಾಲದಲ್ಲಿ ಅದೇ ಕಾರಿನ ಮುಂದೆ ನಾನು ರಸ್ತೆಗೆ ಅಡ್ಡ ಮಲಗಿದ್ದೆ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮೇಲೆ ಕಾರಭಾರಿ ಗಂಟುಮೂಟೆ ಕಟ್ಟಿದ. ಕಾರನ್ನು ನಾನು ಕೊಂಡೆ. ಇದು ಪ್ರಜೆಗಳ ವಿಜಯ ಎಂದು ಭಾಷಣದಲ್ಲೂ ಹೇಳಿದೆ. ವಿಜಯದ ಗುಣ ಆಮೇಲೆ ತಿಳಿಯಿತು. ಗೇರು ಹಾಕಿ ಆಕ್ಸಿಲರೇಟರ್ ಒತ್ತಿದರೆ ಅದು ಮೊದಲು ವಿಚಾರ ಮಾಡುತ್ತದೆ, ಆಮೇಲೆ ನಿಟ್ಟುಸಿರು ಬಿಡುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿ ಒಂದು ಎತ್ತಿನ ಚಕ್ಕಡಿ ಹಾದುಹೋಗಿರುತ್ತದೆ.

“ಅವತ್ತ ಇದರ ಮುಂದ ಮಲಗಿದಾಗ ನಾ ಹೆದರಲಿಲ್ಲ ನೋಡು,” ಎಂದು ಹೆಂಡತಿ ಇಂದ್ರವ್ವನ ಎದುರು ಎದೆಯುಬ್ಬಿಸಿದರೆ ಅವಳದು ಒಂದೇ ಮಾತು.

“ಇದು ಇಷ್ಟ ಮೆತ್ತಗ ಬಂತಂತನ ನೀವು ಉಳದ್ರಿ.”

ಇಂದ್ರವ್ವನ ಕಣ್ಣು ಕಾರಿನ ಇಂಜಿನ್ನಿನ ಮೇಲಿತ್ತು. ಗಿರಮಲ್ಲಪ್ಪ ಎಲ್ಲಿಂದಲೋ ಒಂದು ಜೋಡಿ ಗಿರಣಿಕಲ್ಲು ತಂದು ನಮ್ಮ ಹಿತ್ತಲಲ್ಲಿ ಇಳಿಸಿಹೋಗಿದ್ದ. ಕಾರಿನ ಇಂಜಿನ್ ಬಿಚ್ಚಿ ಅದಕ್ಕೆ ಜೋಡಿಸಿ ಹಿಟ್ಟಿನ ಗಿರಣಿ ಹಾಕಬೇಕೆಂದು ಅಕ್ಕ ತಮ್ಮನ ಸಂಚು.

“ಓಣ್ಯಾಗಿನ ಹೆಣಮಕ್ಕಳೆಲ್ಲಾ ಜ್ವಾಳಾ ಹೊತ್ಕೊಂಡು ಪ್ಯಾಟಿ ತನಕ ಹೋಗತಾರ. ನೋಡಾಕ ಆಗವಲ್ದು.”

“ಮುಂದಾಳು ಅನಸ್ಕೊಂಡಾಂವ ಹಿಟ್ಟು ಬೀಸ್ಕೋತ ಕೂಡಬೇಕೇನ?”

“ಮತ್ತ ಈಗ ಏನ್ ಮಾಡ್ಕೋತ ಕುಂತೀರಿ?”

ಇಂಥ ಪ್ರಶ್ನೆ ಬಂದಾಗ ನಮ್ಮಂಥವರು ಪಣ ತೊಡುತ್ತೇವೆ. “ಬರೋ ಸೋಮವಾರ ನಿನ್ನ ತಮ್ಮನ ಮೋಟಾರಿಗಿಂತ ಮೊದಲ ಮುಧೋಳ ಮುಟ್ಟತೇನಿ. ಮುಟ್ಟಿದರ ಗಿರಣಿ ಮಾತು ಬಂದ್. ಮುಟ್ಟಲಿಲ್ಲಂದ್ರ ಕಾರು ನಿಂದು, ಏನರ ಮಾಡ್ಕೊ,” ಅಂದುಬಿಟ್ಟೆ.

ನೆಟ್ಟಗೆ ಅಪ್ಪಾಸಾಬನ ಗ್ಯಾರೇಜಿಗೆ ಹೋದೆ. ಅಪ್ಪಾಸಾಬ ಚಳವಳಿಯಲ್ಲಿ ನನ್ನ ಜೊತೆ ಜೈಲಿನ ರೊಟ್ಟಿ ತಿಂದವನು. ಕಾರಿನ ಕೆಳಗೆ ಮಲಗಿ ಹೇಳಿದ, “ಅಣ್ಣಾ, ರೋಗ ಹಿಂದಿನ ಅಚ್ಚಿನಾಗ ಐತಿ.”

ಹಿಂದಿನ ಅಚ್ಚಿನ ನಡುವೆ ಒಂದು ಕಬ್ಬಿಣದ ಗುಂಡು ಇರುತ್ತದೆ. ಅದರೊಳಗೆ ಹಲ್ಲಿನ ಚಕ್ರ ಎರಡು. ಸಣ್ಣದು ಪಿನಿಯನ್, ದೊಡ್ಡದು ಕ್ರೌನ್. ಇಂಜಿನ್ ಸಣ್ಣದನ್ನು ತಿರುಗಿಸುತ್ತದೆ, ಸಣ್ಣದು ದೊಡ್ಡದನ್ನು, ದೊಡ್ಡದು ಗಾಲಿಯನ್ನು. ನನ್ನ ಕಾರಿನಲ್ಲಿ ಸಣ್ಣದು ನಾಲ್ಕು ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು. ಅಪ್ಪಾಸಾಬನ ಕಪಾಟಿನಲ್ಲಿ ಇನ್ನೊಂದು ಜೋಡಿ ಇತ್ತು. ಅದರಲ್ಲಿ ಆರು ಸುತ್ತಿಗೆ ಒಂದು. (ಕಿರೀಟಕ್ಕೆ ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡವನು ಈಗ ಎಣ್ಣೆ ಮೆತ್ತಿದ ಕ್ರೌನು ಆರಿಸುತ್ತ ಕುಳಿತಿದ್ದೆ.)

“ಈ ಆರರ ಜೋಡಿ ಹಾಕಿದ್ರ ಕಾರು ನಿಂತಲ್ಲಿಂದ ಜಿಗದು ಏಳತೈತಿ. ಆದ್ರ ಎದ್ದ ಮ್ಯಾಲ ಭಾಳ ದೂರ ಜೋರ ಓಡಂಗಿಲ್ಲ, ಉಸರ ಕಟ್ಟತೈತಿ,” ಅಂದ ಅಪ್ಪಾಸಾಬ.

“ಏಳೂದು ಮುಖ್ಯ ಅಪ್ಪಾಸಾಬ. ನಾವು ಎದ್ದಾಗ ಮುಂದಿಂದು ಏನರ ವಿಚಾರ ಮಾಡಿದ್ವೇನು?”

“ಇಲ್ಲ. ಅದಕ್ಕ ನೀ ಹಿಂಗ ಕುಂತಿ, ನಾ ಹಿಂಗ ಮಲಗೇನಿ,” ಎಂದು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡ.

ಸೋಮವಾರ ಬಂತು. ಇಂದ್ರವ್ವ ಹೊಸ ಇಳಕಲ್ ಸೀರೆ ಉಟ್ಟು, ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ಗಿರಮಲ್ಲಪ್ಪ ಮೋಟಾರಿನ ಕಿಟಕಿಯಿಂದ ತಲೆ ಹಾಕಿ, “ಮಾವಾರ, ಬಾಯಿ ಮುಚ್ಕೊಂಡು ಬರ್ರಿ, ಧೂಳ ಭಾಳ ಐತಿ,” ಅಂದ.

ನಾನು ಒತ್ತಿದೆ. ಕಾರು ವಿಚಾರ ಮಾಡಲಿಲ್ಲ. ಹಿಂಡಿನ ಮುಂದಿನ ಟಗರಿನಂತೆ ನೆಗೆಯಿತು. ಇಂದ್ರವ್ವನ ತಲೆ ಸೀಟಿಗೆ ಬಡಿಯಿತು, ಬುತ್ತಿಯೊಳಗಿನ ಮೊಸರು ಅವಳ ಮಡಿಲಿಗಿಳಿಯಿತು. ಹಿಂದೆ ನೋಡಿದರೆ ಮೋಟಾರು ಇನ್ನೂ ಮಂದಿ ಹತ್ತಿಸಿಕೊಳ್ಳುತ್ತಿತ್ತು. ಎಂಥ ಸುಖ ಅದು! ಮುಂದೆ ಯಾರೂ ಇಲ್ಲದ ರಸ್ತೆ!

ಎರಿ ಮಣ್ಣಿನ ಕರಿ ಹೊಲದ ನಡುವಿನ ನೆಟ್ಟಗಿನ ದಾರಿ ಬರುವ ತನಕ ಆ ಸುಖ ಬಾಳಿತು. ಅಲ್ಲಿ ಇಂಜಿನ್ ಬಾಯಿ ಬಿಟ್ಟು ಕಿರುಚತೊಡಗಿತು, ಗಾಲಿ ಮಾತ್ರ ತನ್ನ ಲೆಕ್ಕಕ್ಕೆ ತಕ್ಕಂತೆ ಸುತ್ತುತ್ತಿತ್ತು. ಪೋಂ ಪೋಂ ಅನ್ನುತ್ತ ಗಿರಮಲ್ಲಪ್ಪ ಮುಂದೆ ಹೋದ. ಧೂಳು ನುಂಗಿದೆ. ಮುಂದಿನ ಹಳ್ಳಿಯಲ್ಲಿ ಅವನು ಮಂದಿ ಇಳಿಸಲು ನಿಂತ, ನಾನು ಜಿಗಿದು ದಾಟಿದೆ. ನೆಟ್ಟಗಿನ ದಾರಿ ಬಂತು, ಅವನು ದಾಟಿದ. ಮತ್ತೆ ನಿಂತ, ಮತ್ತೆ ದಾಟಿದೆ, ಮತ್ತೆ ದಾಟಿದ. ಮೊದಲು ಮುಧೋಳದ ತನಕ ಒಂದೇ ಸಲ ನುಂಗುತ್ತಿದ್ದ ಧೂಳನ್ನು ಈಗ ಪ್ರತಿ ಹಳ್ಳಿಗೊಮ್ಮೆ ಹೊಸದಾಗಿ ಬಡಿಸಿಕೊಂಡೆ. ಒಳಗಿದ್ದವರು ಕಿಟಕಿಯಿಂದ ಕೈಬೀಸತೊಡಗಿದರು. ಒಬ್ಬ ಮುದುಕ ದಾಟಿದಾಗೊಮ್ಮೆ ನಮಸ್ಕಾರ ಹೇಳುತ್ತಿದ್ದ.

ಕಡೆಗೆ ಒಂದು ಹಳ್ಳದ ದಂಡೆಯಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದು ನೀರು ಕೊತಕೊತ ಕುದಿಯಿತು. ಕಾರು ನಿಂತಿತು. ಹಿಂದೆ ಬಂದ ಮೋಟಾರೂ ನಿಂತಿತು.

ಇಂದ್ರವ್ವ ಸೀರೆ ಕೊಡವಿಕೊಂಡು ಇಳಿದಳು.

“ಎಲ್ಲಿಗೆ?” ಅಂದೆ.

“ಮುಧೋಳಕ್ಕ. ನೀವು ಮೊದಲ ಹೋದ್ರ ನನ್ನ ತವರಮನ್ಯಾಗ ಹೇಳ್ರಿ, ನಾ ಬರಾಕತ್ತೇನಂತ,” ಎಂದು ತಮ್ಮನ ಮೋಟಾರು ಹತ್ತಿದಳು. ಗಿರಮಲ್ಲಪ್ಪ ಒಂದು ಡಬ್ಬಿ ನೀರು ಕೆಳಗಿಟ್ಟು ಹೋದ. ಗೇಲಿ ಮಾಡಿದ್ದರೆ ಬೈಯಬಹುದಿತ್ತು.

ಕೊಟ್ಟ ಮಾತು ಮಾತೇ. ಇಂಜಿನ್ ಬಿಚ್ಚಲು ಅಪ್ಪಾಸಾಬ ಬಂದ. ಕಾರಿನ ಸುತ್ತ ತಿರುಗಿ ಇಂದ್ರವ್ವನಿಗೆ, “ಬಿಚ್ಚೂದ ಬ್ಯಾಡ ತಂಗೀ. ಹಿಂದಿನ ಒಂದು ಗಾಲಿ ಎತ್ತಿ ಕಟ್ಟಿ, ಟಾಯರ್ ತಗದು ಗಾಲಿಯಿಂದ ಗಿರಣಿಕಲ್ಲಿಗೆ ಪಟ್ಟಾ ಹಾಕಿದ್ರ ಆತು. ಹಳೆ ಹಲ್ಲಾಗಿದ್ರ ಕಲ್ಲು ಜಗ್ಗತಿದ್ದಿಲ್ಲ. ಅಣ್ಣಾ ಹುಡುಕಿ ಹುಡುಕಿ ಗಿರಣಿಗಂತನ ಆರಸ್ಯಾನ,” ಅಂದ.

ಈಗ ನಮ್ಮ ಹಿತ್ತಲಲ್ಲಿ ಕಾರು ಒಂದು ಕಾಲೆತ್ತಿ ನಿಂತಿದೆ. ಸ್ಟಿಯರಿಂಗ್ ಮುಂದೆ ನಾನು. ಓಣಿಯ ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ಕೂಡುತ್ತಾರೆ. ನನ್ನ ಯಾವ ಸಭೆಗೂ ಇಷ್ಟು ಮಂದಿ ಸೇರಿರಲಿಲ್ಲ. ಒತ್ತಿದ ಕೂಡಲೇ ಹಿಟ್ಟು ಬೀಳುತ್ತದೆ. ನಿನ್ನೆ ಏನೋ ಹುರುಪು ಬಂದು ಸ್ವಲ್ಪ ಜೋರು ಒತ್ತಿದೆ. ಇಂದ್ರವ್ವ ಕಲ್ಲಿನ ಹತ್ತಿರದಿಂದಲೇ ಕೂಗಿದಳು:

“ಸಾವಕಾಶ ಒತ್ತರಿ, ಹಿಟ್ಟು ಸುಡಾಕತ್ತೈತಿ! ಇಷ್ಟ ಗಡಿಬಿಡಿ ಮಾಡಿ ಎಲ್ಲಿಗೆ ಹೊಂಟೀರಿ?”