ಕಡೇ ಬೆಂಚಿನ ಕಾಕಾ

ಅಣ್ಣನ ಮಗಳನ್ನು ನಪಾಸು ಮಾಡಿ, ಅದೇ ಸಂಜೆ ಅಣ್ಣನ ಮನೆಗೇ ಊಟಕ್ಕೆ ಬಂದ ಗಂಡಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಕಾಕಾ!

ಎಪ್ಪತ್ತರ ದಶಕದ ಕೊನೆ. ಬಾಗಲಕೋಟೆಯ ಬಿ.ಎಡ್. ಕಾಲೇಜೊಂದರಲ್ಲಿ ಅವರು ನಮಗೆ ಇಂಗ್ಲಿಷ್ ಕಲಿಸುವುದನ್ನು ಕಲಿಸುತ್ತಿದ್ದರು. ನಾವು ಶಾಲೆಗಳಿಗೆ ಹೋಗಿ ಪಾಠ ಮಾಡುವಾಗ ಕುರ್ಚಿ ಬಿಟ್ಟು ಕಡೇ ಬೆಂಚಿನ ಹುಡುಗರ ನಡುವೆ ತುರುಕಿಕೊಂಡು ಕೂಡುವರು. ಪಾಠ ರಂಗೇರಿದಾಗಲೇ ಕೈ ಎತ್ತಿ, "ಅಕ್ಕೋರ, ನನಗ ತಿಳೀಲಿಲ್ಲರಿ" ಅನ್ನುವರು. ಐವತ್ತೇಳರ ಮನುಷ್ಯ! ನಗಬೇಕೋ, ಅಳಬೇಕೋ?

ಪಾಠ ಮಾಡಲು ಇಳಕಲ್ಲಿಗೆ ಹೊರಟ ಸಹಪಾಠಿಯೊಬ್ಬ, ಅಮೀನಗಡದಲ್ಲಿ ಬಸ್ಸು ನಿಂತಾಗ ಅವರಿಗೊಂದು ಡಬ್ಬಿ ಕರದಂಟು ಕೊಡಿಸಿದ. ಇಳಕಲ್ ಮುಟ್ಟುವಷ್ಟರಲ್ಲಿ ಡಬ್ಬಿ ಖಾಲಿ. ಸಂಜೆ ಅವನ ಪಾಠದ ವಹಿಯಲ್ಲಿ ಕೆಂಪು ಶಾಯಿ: "ಕರದಂಟು ಭಾಳ ಚಲೋ ಇತ್ತು. ಪಾಠ ಮತ್ತೊಮ್ಮೆ ಮಾಡ್ರಿ."

ಕೊನೆಗೆ ಇಳಕಲ್ಲಿನ ಶಾಲೆಯಲ್ಲಿ ನನ್ನ ಪರೀಕ್ಷೆಯ ಪಾಠ ಬಂತು. ಮಾರ್ಕು ಕೊಡುವವರು ಕಾಕಾ. ಪಾಸಾದರೆ ಹುನಗುಂದದಲ್ಲಿ ನೌಕರಿ ಗ್ಯಾರಂಟಿ. ಪದ್ಧತಿಯಂತೆ ಹಿಂದಿನ ದಿನವೇ ಜಾಣ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಿ, ಓದಲು ಬಾರದ ನಾಲ್ವರಿಗೆ "ನಾಳೆ ಸಾಲಿಗೆ ಬರಬ್ಯಾಡ್ರಿ" ಅಂದಿದ್ದೆ. ಎಲ್ಲರೂ ಮಾಡುತ್ತಿದ್ದುದೇ ಅದು. ನಾನೊಬ್ಬಳೇ ಪಾಪಿಯೇ?

ಹಾಜರಿ ನೋಡಿದ ಕಾಕಾ ಎದ್ದು ಹೋದರು. ಮಗ್ಗದ ಮನೆಗಳಿಂದ ನಾಲ್ವರನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂಡಿಸಿದರು.

"ಇನ್ನ ಚಾಲೂ ಮಾಡವಾ."

ಅವರಲ್ಲೊಬ್ಬ ಹುಡುಗಿಗೆ ಓದಲು ಹೇಳಿದೆ. ಪುಸ್ತಕ ಹಿಡಿದು ನಿಂತವಳು ಅಳತೊಡಗಿದಳು. ನಾನು ಪಾಠ ಅಲ್ಲಿಗೇ ಬಿಟ್ಟೆ. ನಪಾಸು! ನೌಕರಿ ಬೇರೆಯವರ ಪಾಲಾಯಿತು.

ಸಂಜೆ ಊಟಕ್ಕೆ ಬಂದ ಕಾಕಾನನ್ನು ಅಪ್ಪ ಬಾಗಿಲಲ್ಲೇ ತಡೆದರು. "ನಿನ್ನ ಮಗಳಾಗಿದ್ರ ಹಿಂಗ ಮಾಡ್ತಿದ್ದೇನಲೇ?"

"ಆ ನಾಲ್ಕು ಯಾರ ಮಕ್ಕಳಣ್ಣಾ?" ಅಂದು ಕಾಕಾ ಹಸಿದೇ ಹೋದರು.

ಒಂದು ವರ್ಷ ನಾನು ಅವರ ಜೊತೆ ಮಾತಾಡಲಿಲ್ಲ. ಇಳಕಲ್ಲಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು, ಹಟಕ್ಕೆ ಬಿದ್ದು, ಆ ಹುಡುಗಿಗೆ ದಿನಾ ಓದಿಸಿದೆ. ಮರುಪರೀಕ್ಷೆಯ ದಿನ ಅವಳು ಎಡವುತ್ತ ಎಡವುತ್ತ ಒಂದು ಸಾಲು ಪೂರ್ತಿ ಓದಿದಳು. ಆಗ ನಿವೃತ್ತರಾಗಿದ್ದ ಕಾಕಾ ಕಿಟಕಿಯ ಹೊರಗೆ ಬಿಸಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಕಂಡೂ ಕಾಣದವಳಂತೆ ಬೋರ್ಡಿನ ಕಡೆ ತಿರುಗಿದೆ. ಅವರು ಬಸ್ಸು ಹತ್ತಿ ಹೋದರು. ದೀಪಾವಳಿಗೆ ಮುಂಚೆಯೇ ತೀರಿಕೊಂಡರು.

ತಪ್ಪು ನನ್ನದರೀ ಕಾಕಾ. ಇಷ್ಟು ಹೇಳಲು ಆ ಹಾಳಾದ ಸಿಟ್ಟು ನನ್ನನ್ನು ಬಿಡಲಿಲ್ಲ.