ಅತ್ತೆಯವರ ಸೀಟು, ನನ್ನ ಸೀನು

ಜೀಪಿಗೆ ಸೀಟು ಕೂರಿಸುವುದರಲ್ಲಿ ಏನು ಮಹಾ ವಿದ್ಯೆ ಇದೆ ಎಂದು ನಾನು ಹೆಂಡತಿಯ ಮುಂದೆ ಕೇಳಿದ್ದೆ. ಕೇಳಬಾರದಿತ್ತು.

ನಮ್ಮ ಮನೆ ಹಾವೇರಿಯಲ್ಲಿ, ಹೊಲ ಹೊಸರಿತ್ತಿ ಕಡೆ. ಅಲ್ಲಿಯ ಎರೆಮಣ್ಣಿಗೆಂದೇ ಹಳೆಯದೊಂದು ಪುಟ್ಟ ಜೀಪು ಇಟ್ಟುಕೊಂಡಿದ್ದೇನೆ. ಎಂಥ ಕೆಸರಿನಿಂದಲೂ ಅದು ಎದ್ದು ಬರುತ್ತದೆ. ಅದರ ಸೀಟಿನಿಂದ ಮನುಷ್ಯ ಎದ್ದು ಬರುವುದೇ ಕಷ್ಟ; ಸ್ಪ್ರಿಂಗು ಹೊರಬಂದು ಪಂಚೆ ಹಿಡಿದು ಎಳೆಯುತ್ತಿತ್ತು. ನಮ್ಮ ಜೊತೆಯೇ ಇರುವ ಅತ್ತೆಯವರಿಗೆ ಸೊಂಟದ ಆಪರೇಷನ್ ಆಗಿತ್ತು. ಗಳಗನಾಥದಲ್ಲಿರುವ ತಮ್ಮ ಅಕ್ಕನ ಮುಖ ನೋಡದೆ ಬಹಳ ದಿನವಾಗಿ, ಒಳಗೊಳಗೇ ಕೊರಗುತ್ತಿದ್ದರು. ಇನ್ನು ಅಡ್ಡಾಡಬಹುದು, ಕೂರುವ ಜಾಗ ಮಾತ್ರ ಮೆತ್ತಗಿರಲಿ ಎಂದರು ಡಾಕ್ಟರು. ಅತ್ತೆ ನನ್ನ ಕಡೆ ನೋಡಿದರು. ನಾನು ಜೀಪಿನ ಕಡೆ ನೋಡಿದೆ.

“ನಾ ಬಂದು ನೋಡೂತನಕ ಸೀಟು ತಗೋಬ್ಯಾಡ್ರಿ,” ಎಂದಳು ಹೆಂಡತಿ ಗಿರಿಜಾ.

ಆದರೆ ರಾಣೇಬೆನ್ನೂರಿನ ಹಳೆ ಗಾಡಿ ಸಾಮಾನಿನ ಅಂಗಡಿಯಲ್ಲಿ, ಯಾವುದೋ ಕಾರಿನಿಂದ ಬಿಚ್ಚಿದ ಕೆಂಪು ಸೀಟಿನ ಜೋಡಿ ಕಂಡಿತು. ಪರೀಕ್ಷಾರ್ಥವಾಗಿ ಕೂತೆ. ಪರೀಕ್ಷೆ ಎಷ್ಟು ಗಂಭೀರವಾಗಿತ್ತೆಂದರೆ ಅಂಗಡಿಯವನೇ ಬಂದು ಎಬ್ಬಿಸಬೇಕಾಯಿತು!

“ಸರ, ಜೀಪಿನ ಅಳತಿ ತಂದೀರೇನ್ರಿ?”

“ಅಳತಿ ಯಾಕ? ನಿದ್ದಿನ ಬಂತಲ್ಲ!”

ಗಿರಿಜಾಳಿಗೆ ಗೊತ್ತಾಗಬಾರದೆಂದು ಸೀಟುಗಳನ್ನು ಬ್ಯಾಡಗಿಗೆ ಸಾಗಿಸಿ, ಮೆಣಸಿನಕಾಯಿ ವ್ಯಾಪಾರಿ ಗೆಳೆಯ ರಫೀಕನ ಗೋದಾಮಿನಲ್ಲಿ ಅಡಗಿಸಿಟ್ಟೆ. ರಫೀಕ ಮಹಾ ಉಪಕಾರಿ. ವಾರ ಬಿಟ್ಟು ಜೀಪು ತೆಗೆದುಕೊಂಡು ಹೋದಾಗ, “ಧೂಳ ಕೂಡಬಾರದು ಅಂತ ಮ್ಯಾಲ ಖಾಲಿ ಚೀಲ ಹೊಚ್ಚೇನಿ ದೋಸ್ತ!” ಎಂದ. ಅವು ಎಂಥ ಚೀಲ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬ್ಯಾಡಗಿಯಲ್ಲಿ ಚೀಲ ಎಂದರೆ ಮೆಣಸಿನಕಾಯಿ ಚೀಲವೇ! ಸೀಟೇ ಕೆಂಪಗಿದ್ದದ್ದರಿಂದ ಅದರೊಳಗೆ ಇಳಿದ ಕೆಂಪು ಪುಡಿ ಕಣ್ಣಿಗೆ ಬೀಳಲಿಲ್ಲ.

ಅಲ್ಲೇ ಬೋಲ್ಟು ಬಿಗಿಯುವ ಪಾನಾ ಹಿಡಿದು ಕೂತೆ. ಸೀಟಿನ ತೂತಿಗೂ ಜೀಪಿನ ತೂತಿಗೂ ಸಂಬಂಧವೇ ಕೂಡಿಬರಲಿಲ್ಲ. ಕಬ್ಬಿಣದ ಪಟ್ಟಿ ಕೊಟ್ಟು ಹೇಗೋ ಬಿಗಿದೆ. ಹತ್ತಿ ಕೂತರೆ ನನ್ನ ತಲೆ ಜೀಪಿನ ತಾಡಪತ್ರಿ ಚಾವಣಿಗೆ ತಾಗಿತು. ಕೆಲಸ ಮುಗಿಯುವವರೆಗೂ ಸೀನುತ್ತಲೇ ಇದ್ದೆ. ಬ್ಯಾಡಗಿಯಲ್ಲಿ ಸೀನಿದವನನ್ನು ಯಾರು ತಿರುಗಿ ನೋಡುತ್ತಾರೆ? ಅಲ್ಲದೆ ನಮ್ಮ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಊರೂರಿಗೆ ಸಾರುವವನೇ ನಾನು.

ಮರುದಿನ ಬಿಳಿ ಪಂಚೆ ಉಟ್ಟು, ಅತ್ತೆಯವರನ್ನು ಮುಂದೆ, ಗಿರಿಜಾಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ರಸ್ತೆಯ ಮೊದಲ ಉಬ್ಬಿಗೇ ಸೀಟು ಉಸಿರು ಬಿಟ್ಟಿತು. ಅದರ ಉಸಿರೆಲ್ಲ ಖಾರ!

“ರೀ... ಆಕ್ಷೀ! ಈ ಸೀಟು... ಆಕ್ಷೀ! ಎಲ್ಲಿ ಇಟ್ಟಿದ್ರಿ?”

ಉತ್ತರ ಕೊಡಲು ನನಗೂ ಸೀನು ಬಿಡಲಿಲ್ಲ. ಅತ್ತೆ ಮಾತ್ರ ಆರಾಮಾಗಿ ಒರಗಿ ಕೂತಿದ್ದರು.

“ಸಣ್ಣಾಕಿ ಇದ್ದಾಗಿಂದ ಮೆಣಸಿನಕಾಯಿ ತೊಟ್ಟು ಬಿಡಿಸಿದಾಕಿ ನಾ. ನನಗೇನೂ ಆಗಂಗಿಲ್ಲ. ಸೀಟು ಭಾಳ ಚಲೋ ಅದಾವು, ನಡೀರಿ!”

ಗುತ್ತಲ ದಾಟಿದ ಮೇಲೊಂದು ತಗ್ಗು. ಅತ್ತೆ ಆಸರೆಗೆ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಎಳೆದರು. ನಾನು ಹಿಂದಕ್ಕೆ ಅಂಗಾತ ಬಿದ್ದೆ. ತಲೆ ನೇರ ಗಿರಿಜಾಳ ಮಡಿಲಿಗೆ! ಎಡದ ಸೀಟನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದ್ದೆ. ಹೊರಬದಿಗೆ ಇರಬೇಕಾದ, ನನ್ನನ್ನು ಮಲಗಿಸುವ ಹಿಡಿಕೆ ಒಳಬದಿಗೆ, ಅತ್ತೆಯವರ ಕೈಗೆ ಬಂದಿತ್ತು. ಪುಣ್ಯಕ್ಕೆ ಜೀಪು ಚಕ್ಕಡಿಯ ವೇಗದಲ್ಲಿತ್ತು, ಗಕ್ಕನೆ ನಿಂತುಬಿಟ್ಟಿತು.

“ಗಾಡಿ ಹೊಡ್ಯೂದು ಬಿಟ್ಟು ಮಕ್ಕೊಂಡ್ರೇನು?” ಎಂದಳು ಗಿರಿಜಾ.

ಅಲ್ಲಿಂದ ಅತ್ತೆ ತಮ್ಮ ಕೈಚೀಲವನ್ನೇ ಹಿಡಿದುಕೊಂಡರು. ನಾನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ ಕಣ್ಣಿಗೆ ನೀರು ಹಾಕಿಕೊಳ್ಳುತ್ತ, ಆ ಖಾರದ ಕೈಯಲ್ಲೇ ಒರೆಸಿಕೊಳ್ಳುತ್ತ ಗಳಗನಾಥ ಮುಟ್ಟಿದೆ.

ಅತ್ತೆ ನೋವಿಲ್ಲದೆ ಇಳಿದರು. ಅಕ್ಕ ಓಡಿ ಬಂದು ಅಪ್ಪಿಕೊಂಡರು. ಅಕ್ಕತಂಗಿಯರು ಒಬ್ಬರ ಕೆನ್ನೆ ಒಬ್ಬರು ಸವರುತ್ತ ನಿಂತದ್ದು ನೋಡಿ ನನ್ನ ಪಾಡೆಲ್ಲ ಮರೆತುಹೋಯಿತು. ಆಗ ದೊಡ್ಡತ್ತೆಯ ಕಣ್ಣು ನನ್ನ ಮೇಲೆ ಬಿತ್ತು.

“ಅಯ್ಯ ಯವ್ವಾ, ಅಳಿಯಾ ಅಳಾಕತ್ತಾನ! ಅತ್ತಿ ಸಲುವಾಗಿ ಇಷ್ಟು ಕಣ್ಣೀರು ಹಾಕೂ ಅಳಿಯ ಯಾರಿಗೆ ಸಿಗತಾನ?”

ಓಣಿಯ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರು. ಗಿರಿಜಾ ನಿಜ ಹೇಳಲು ಬಾಯಿ ತೆರೆದಳು. ಪುಣ್ಯಕ್ಕೆ ಸೀನು ಬಂತು.

“ಹೌದು ಯಕ್ಕಾ, ಭಾಳ ಮೆತ್ತಗಿನ ಮನಸು ಅವರದು,” ಎಂದರು ಅತ್ತೆ. ಒಂದು ಮಾತಿನಲ್ಲಿ ನನ್ನ ಮರ್ಯಾದೆ ಉಳಿಸಿದ ಅವರಿಗೆ ಜನ್ಮವಿಡೀ ಋಣಿ ನಾನು. ಖರೇ ಹೇಳುತ್ತೇನೆ, ಆ ಹೊತ್ತಿಗೆ ಕಣ್ಣಲ್ಲಿದ್ದ ನೀರೆಲ್ಲ ಮೆಣಸಿನಕಾಯಿಯದೇ ಆಗಿರಲಿಲ್ಲ.

ಒರೆಸಿಕೊಳ್ಳಲು ಕೈ ಎತ್ತಿದೆ. ಅತ್ತೆ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: “ಒರಿಸ್ಕೋಬ್ಯಾಡ್ರಿ ಅಳಿಯಂದ್ರ. ಇನ್ನೊಂದೀಟು ಹೊತ್ತು ಹಂಗ ಇರಲಿ, ಮಂದಿ ನೋಡಲಿ.”

ಹಾಗೇ ನಿಂತೆ. ಮಂದಿ ನೋಡಿದರು. ಆಮೇಲೆ ಗಂಭೀರವಾಗಿ ತಿರುಗಿ ಮನೆಯೊಳಗೆ ಹೊರಟೆ. ಹಿಂದಿನಿಂದ ಓಣಿಗೆ ಓಣಿಯೇ ನಗತೊಡಗಿತು. ಬಿಳಿ ಪಂಚೆಯ ಹಿಂಭಾಗ ಅಷ್ಟಗಲ ಕೆಂಪಾಗಿತ್ತು!

ಖಾರದ ವಿಷಯದಲ್ಲಿ ಊರೂರಿಗೆ ಸುಳ್ಳು ಹೇಳಿದ್ದೇನೆ. ಬಣ್ಣದ ವಿಷಯ ಮಾತ್ರ ಖರೇ.